ರತ್ನಮ್ಮನಿಗೊಂದು ಬೆಟ್ಟ

ಊರಿಗಾಂ

ನಮ್ಮ ಊರಿಗಾಂನಲ್ಲಿ ಭೂಮಿ ಅಲುಗಿದರೆ ಯಾರೂ ಓಡುವುದಿಲ್ಲ. ಕೆಳಗೆ ಬಂಗಾರದ ಗಣಿಯಲ್ಲಿ ಎಲ್ಲೋ ಬಂಡೆ ಸಿಡಿಯುತ್ತದೆ, ಮೇಲೆ ನಮ್ಮ ಗೋಡೆ ನಡುಗುತ್ತದೆ, ಗೂಡಿನಲ್ಲಿರುವ ಲೋಟ ಚೊಂಬುಗಳು ಕುಣಿಯಲು ಶುರುಮಾಡುತ್ತವೆ. ಆಗ ಹತ್ತಿರ ಯಾರಿದ್ದಾರೋ ಅವರು ಎದ್ದು ಪಾತ್ರೆ ಹಿಡಿದುಕೊಳ್ಳುತ್ತಾರೆ. ಸದ್ದು ನಿಂತ ಮೇಲೆ ಬಿಡುತ್ತಾರೆ. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಕಲಿಸುವುದೇ ಇದನ್ನು. ಭೂಮಿ ನಡುಗಿತು ಎಂದರೆ ಆಗಬೇಕಾದ್ದು ಕೆಳಗೆ ಆಗಿಹೋಗಿದೆ. ಮೇಲಿದ್ದವರಿಗೆ ಉಳಿದಿರುವ ಕೆಲಸ ಪಾತ್ರೆ ಹಿಡಿಯುವುದು, ಆಮೇಲೆ ಗಣಿಯ ಬಾಯಿಗೆ ಹೋಗಿ ತಮ್ಮವರು ಹತ್ತಿಬಂದರೇ ಎಂದು ನೋಡುವುದು.

ಈ ಒಂದು ಅಭ್ಯಾಸದಿಂದ ಪರದೇಶದಲ್ಲಿ ನಾವಿಬ್ಬರು ಸಾಯುವುದರಲ್ಲಿದ್ದೆವು. ಅದನ್ನು ಅದರ ಜಾಗ ಬಂದಾಗ ಹೇಳೋಣ, ಮೊದಲು ಹಡಗು, ರಂಗೂನು, ಜನ ಎಲ್ಲವನ್ನೂ ಕ್ರಮವಾಗಿ ಬರೆಯೋಣ ಎಂದುಕೊಂಡು ಕೂತವನು ನಾನು. ನೋಡಿ, ಶುರುವಿನಲ್ಲೇ ಬಂದುಬಿಟ್ಟಿತು. ಬರ್ಮಾದಿಂದ ವಾಪಸು ಬಂದಾಗಿನಿಂದ ಹೀಗೇ ಆಗಿದೆ. ಅನ್ನ ಕಲಸುವಾಗ ಬರುತ್ತದೆ, ಮುಖ ತೊಳೆಯುವಾಗ ಬರುತ್ತದೆ. ಬಿಳಿ ಪಂಚೆ ಒಣಹಾಕಿದ್ದು ಗಾಳಿಗೆ ನನ್ನ ಕಡೆ ಹಾರಿದರೆ ಮೈ ಬೆವರುತ್ತದೆ.

ನಾನು ಹುಟ್ಟಿ ಬೆಳೆದದ್ದು ಈ ಊರಿಗಾಂನಲ್ಲೇ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ, ಬೆಂಗಳೂರಿಗಿಂತ ಬಹಳ ಕೆಳಗೆ ಕೆಲಸಕ್ಕೆ ಸೇರಿದೆ. ಗಣಿಯ ಸರ್ವೆ ಆಫೀಸಿನಲ್ಲಿ ಸುರಂಗಗಳನ್ನು ಅಳೆಯುವುದು ನನ್ನ ಉದ್ಯೋಗ. ನಮ್ಮ ಅಳತೆಯೆಲ್ಲ ಕೆಳಮುಖ. ನಮ್ಮ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದು ನಿವೃತ್ತರಾದ ಟ್ರೆಮೇನ್ ದೊರೆಗೆ ಹೊಸ ಹುಚ್ಚು ಹಿಡಿಯದೇ ಹೋಗಿದ್ದರೆ ನಾನು ಜೀವನದಲ್ಲಿ ಕತ್ತು ಮೇಲಕ್ಕೆತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಬರ್ಮಾದ ಉತ್ತರದ ತುದಿಯಲ್ಲಿ, ಟಿಬೆಟ್ಟಿನ ಗಡಿಯ ಕಡೆ, ಹಿಮದ ಬೆಟ್ಟಗಳ ಒಂದು ಸಾಲಿದೆಯಂತೆ. ದೊಡ್ಡ ಶಿಖರಗಳನ್ನು ಯಾರೋ ಗುರುತುಹಾಕಿ ಹೋಗಿದ್ದಾರೆ. ಸಣ್ಣವು ನಕ್ಷೆಯಲ್ಲೇ ಇಲ್ಲ. ಅವುಗಳ ಜಾಗ, ಎತ್ತರ, ಹೆಸರು ದಾಖಲಿಸಬೇಕು. ದೊರೆ ನನ್ನನ್ನು ಕೇಳಿದರು, ನಾನು ಒಪ್ಪಿದೆ. ಉಪಕರಣ ಹೊರಲು ನಂದಿದುರ್ಗ ಗಣಿಯ ಮುನೆಂಕಟನನ್ನು ಕರೆದುಕೊಂಡರು. ಅವನು ಸುರಂಗಕ್ಕೆ ಮರದ ಆಸರೆ ಕಟ್ಟುವವನು.

"ಗಣಿಯವರು ಕೈಯಲ್ಲಿದ್ದದ್ದನ್ನು ಬೀಳಿಸುವುದಿಲ್ಲ, ಅದಕ್ಕೇ ನೀವು" ಎಂದರು ದೊರೆ. ಅದು ಎಷ್ಟು ನಿಜ ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

ಬಂಗಾರಪೇಟೆ ಸ್ಟೇಷನ್

ಮದರಾಸಿನ ರೈಲು ಹಿಡಿಯಲು ಬಂಗಾರಪೇಟೆಯಲ್ಲಿ ಇಳಿದೆವು. ಮುನೆಂಕಟನ ಹೆಂಡತಿ ರತ್ನಮ್ಮ ಅಲ್ಲಿಯವರೆಗೂ ಬಂದಿದ್ದಳು. ಬೀಳ್ಕೊಡಲಿಕ್ಕಲ್ಲ, ಜಗಳ ಅರ್ಧಕ್ಕೆ ನಿಂತಿತ್ತು, ಅದನ್ನು ಅಳುತ್ತಲೇ ಮುಗಿಸಲಿಕ್ಕೆ.

"ದಿನಾ ಕೆಳಕ್ಕೆ ಓಗ್ತೀಯ, ಬತ್ತೀಯೋ ಇಲ್ವೋ ಅಂತ ಕಾಯೋದು ಸಾಲ್ದಾ? ಈಗ ಮೇಲಕ್ಕೆ ಬೇರೆ ಓಗ್ಬೇಕಾ?"

"ಮೇಲಾದ್ರೆ ಗಾಳಿ ಬೆಳಕು ಇರ್ತದೆ ಕಣೇ."

"ಗಾಳಿ ಬೆಳಕು ನಮ್ಮನೆ ಹಿತ್ತಲಾಗೂ ಐತೆ. ಅಲ್ಲಿ ನಿಂತ್ಕೋ ಓಗು."

ಪ್ಲಾಟ್‌ಫಾರಮ್ಮಿನಲ್ಲಿ ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ಕೂತು ಕೇಳತೊಡಗಿದ. ಜನ ನೋಡುತ್ತಿದ್ದಾರೆಂದು ಮುನೆಂಕಟನಿಗೆ ಶೌರ್ಯ ಬಂತು.

"ಅಲ್ಲಿ ಎಸ್ರಿಲ್ದಿರೋ ಬೆಟ್ಟ ರಾಸಿ ರಾಸಿ ಅವಂತೆ. ಒಂದಕ್ಕೆ ನಿನ್ನ ಎಸ್ರು ಇಡುಸ್ತೀನಿ. ರತ್ನಮ್ಮನ ಬೆಟ್ಟ! ದೊರೆಗಳ ನಕ್ಷೇಲಿ ಬತ್ತದೆ. ಯಾವ ಮಹಾರಾಣಿಗೈತೆ ಏಳು?"

ರತ್ನಮ್ಮ ಅಳು ನಿಲ್ಲಿಸಿದಳು. ಅಳು ನಿಂತದ್ದೇ ಅಪಾಯವೆಂದು ನನಗೆ ಆಗ ತಿಳಿಯಲಿಲ್ಲ.

"ಈ ಬಿಯಸ್ಸಿ ಸಾರ್ ಸಾಕ್ಷಿ. ಕಡ್ಲೆಕಾಯಿ ತಾತ ಸಾಕ್ಷಿ. ನಾನು ರಾಬರ್ಟ್‌ಸನ್‌ಪೇಟೆಗೆ ನಮ್ಮವ್ವನ ಮನೇಗೆ ಓಗ್ತೀನಿ. ಬೆಟ್ಟ ತಂದ್ರೆ ಬಾಗ್ಲು ತೆಗೀತೀನಿ. ಇಲ್ಲಾಂದ್ರೆ ಅಂಗೇ ಬರ್ಮಾಕ್ಕೇ ವಾಪಸ್ ಓಗಿ ಅಲ್ಲೇ ಸಂಸಾರ ಮಾಡ್ಕೋ."

ರೈಲು ಹೊರಟ ಮೇಲೆ ಮುನೆಂಕಟ ಸ್ವಲ್ಪ ಹೊತ್ತು ನಗುತ್ತಿದ್ದ. ಆಮೇಲೆ ನಗು ಕಮ್ಮಿಯಾಯಿತು. ಕೊನೆಗೆ ನನ್ನ ಪಕ್ಕ ಸರಿದು ಕೂತ.

"ಸಾರ್, ಅವಳು ಏಳಿದ್ದು ಮಾಡ್ತಾಳೆ. ಓದ ಸಂಕ್ರಾಂತಿಗೆ ಒಂದ್ ಮಾತಿಗೆ ಬಾಗ್ಲು ತೆಗೀಲಿಲ್ಲ. ಎಮ್ಮೆ ಪಕ್ಕ ಮಲಗಿದ್ದೆ. ಎಮ್ಮೆ ಕೂಡ ಆವತ್ತು ಅವಳ ಕಡೆಗೇ ಇತ್ತು."

ಹಡಗು

ಸಮುದ್ರದ ಬಗ್ಗೆ ಬರೆಯಲು ನನಗೆ ಅಧಿಕಾರವಿಲ್ಲ. ನಾನು ನೋಡಿದ್ದು ಬಕೆಟ್ಟು. ಮುನೆಂಕಟ ಇನ್ನೊಂದು ಬಕೆಟ್ಟಿನ ಮೇಲಿಂದ ತನ್ನ ಅಭಿಪ್ರಾಯ ಹೇಳಿದ: "ನಮ್ಮನ್ನ ಗಣಿಗೆ ಇಳ್ಸೋ ತೊಟ್ಲೇ ವಾಸಿ ಸಾರ್. ಇಳಿದ್ರೆ ಇಳೀತದೆ, ಏರಿದ್ರೆ ಏರ್ತದೆ. ಇದು ಎರಡೂ ಒಟ್ಗೇ ಮಾಡ್ತದೆ."

ಸಮುದ್ರ ಶಾಂತವಾದ ದಿನ ದೊರೆ ನಮ್ಮನ್ನು ಕೂರಿಸಿಕೊಂಡು ಕೆಲಸದ ನಿಯಮ ವಿವರಿಸಿದರು. ಶಿಖರಕ್ಕೆ ನಾವು ಹೆಸರು ಇಡಕೂಡದು. ಆ ಸೀಮೆಯ ಜನ ಏನನ್ನುತ್ತಾರೋ ಅದೇ ಹೆಸರು. ಊರಿನವರನ್ನು ನೇರವಾಗಿ ಕೇಳಬೇಕು, ಹೆಸರನ್ನು ನಾವಾಗಿ ಅವರ ಬಾಯಿಗೆ ಕೊಡಬಾರದು. ಜನರಲ್ಲಿ ಹೆಸರಿಲ್ಲದಿದ್ದರೆ ಬರಿ ನಂಬರು. ತಮ್ಮ ಹೆಂಡತಿ, ಮಗಳು, ನಾಯಿ ಎಲ್ಲರ ಹೆಸರನ್ನೂ ಬೆಟ್ಟಗಳಿಗೆ ಅಂಟಿಸುವ ಪ್ರಯಾಣಿಕರನ್ನು ಕಂಡರೆ ತಮಗೆ ಅಸಹ್ಯ ಎಂದರು.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಮುನೆಂಕಟನಿಗೆ ಮತ್ತೆ ಬಕೆಟ್ಟು ಬೇಕಾಯಿತು.

ರಂಗೂನು

ಪರದೇಶ ಹೇಗಿರುತ್ತದೋ ಎಂದು ಹೆದರುತ್ತಾ ಇಳಿದರೆ ಬಂದರಿನಲ್ಲಿ ಕೂಲಿಗಳೆಲ್ಲ ತೆಲುಗಿನಲ್ಲಿ ಬೈದಾಡುತ್ತಿದ್ದರು. ಆಚೆ ಬೀದಿಗೆ ಹೋದರೆ ತಮಿಳು. ಇಡ್ಲಿ ಸಿಕ್ಕಿತು. ಮುನೆಂಕಟನಿಗೆ ನಿರಾಸೆಯಾಯಿತು. "ಇಷ್ಟು ವಾಂತಿ ಮಾಡ್ಕಂಡು ಬಂದಿದ್ದು ಆಂಡರ್ಸನ್‌ಪೇಟೆಗಾ?" ಎಂದ.

ಆದರೆ ನಮ್ಮ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಹೆಂಗಸರು ಮೊಳಕೈ ದಪ್ಪದ ಚುಟ್ಟ ಸೇದುವುದಿಲ್ಲ. ಇಲ್ಲಿ ಅಜ್ಜಿಯೊಬ್ಬಳು ಅಂಥದ್ದೊಂದನ್ನು ಬಾಯಿಯಲ್ಲಿಟ್ಟುಕೊಂಡೇ ಮೊಮ್ಮಗುವಿಗೆ ಮುಖ ತೊಳೆಸುತ್ತಿದ್ದಳು. ಮುಖಕ್ಕೆ ಮರದ ತೊಗಟೆ ಅರೆದು ಹಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಅರಿಸಿನ ಹಚ್ಚಿದ ಹಾಗೇ, ಆದರೆ ತೊಳೆದುಕೊಳ್ಳುವುದಿಲ್ಲ. ಚಹಾ ಕೇಳಿದರೆ ಚಹಾದ ಎಲೆಯನ್ನೇ ಉಪ್ಪಿನಕಾಯಿ ಹಾಕಿ ತಟ್ಟೆಯಲ್ಲಿ ತಂದಿಟ್ಟರು. ನಾನು ತಿಂದೆ, ಚೆನ್ನಾಗಿತ್ತು. ಮುನೆಂಕಟ ಬಿಸಿನೀರು ಕೇಳಿ ತರಿಸಿ, ಅದರ ಮೇಲೆ ಹುಯ್ದು, ಚಹಾ ಆಗಲೆಂದು ಕಾಯುತ್ತಾ ಕೂತ.

ಐರಾವತಿಯ ದಂಡೆ

ರಂಗೂನಿನಿಂದ ಉತ್ತರಕ್ಕೆ ಹೋಗುವ ರೈಲು ಮಿಚ್ಚೀನಾದಲ್ಲಿ ಮುಗಿಯುತ್ತದೆ. ಆಮೇಲೆ ಹೇಸರಗತ್ತೆ, ಆಮೇಲೆ ಕಾಲುನಡಿಗೆ, ಎಲ್ಲಾ ಕಡೆ ಜಿಗಣೆ. ಮಿಚ್ಚೀನಾದಲ್ಲೇ ಆಪೂ ನಮ್ಮನ್ನು ಸೇರಿಕೊಂಡ. ಅವನು ಆ ಬೆಟ್ಟಗಳ ಲಿಸು ಜನದವನು, ಹಿಂದೆ ಪೊಲೀಸು ಪಡೆಯಲ್ಲಿದ್ದು ಹಿಂದೂಸ್ತಾನಿ ಕಲಿತವನು. ನಮ್ಮ ಹೊರೆಯಾಳುಗಳ ಮುಖಂಡ, ದೊರೆಗೆ ದುಭಾಷಿ. ನನ್ನ ಕಾಲೇಜು ಹಿಂದೂಸ್ತಾನಿ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೋಲಾರದ ಸಾಬರ ಜೊತೆ ಕುರಿ ವ್ಯಾಪಾರ ಮಾಡಿ ಕಲಿತ ಮುನೆಂಕಟನದು ಚೆನ್ನಾಗಿ ತಿಳಿಯಿತು. ಅರ್ಧ ಮಾತು, ಅರ್ಧ ಕೈ.

ಹೊಳೆಯ ದಂಡೆಯ ಒಂದು ಊರಿನಲ್ಲಿ ಹೆಂಗಸರು ಮರದ ತಟ್ಟೆಯಲ್ಲಿ ಮರಳು ತೊಳೆಯುತ್ತಿದ್ದರು. ಏನೆಂದು ನೋಡಿದರೆ ಬಂಗಾರ! ಸೊಂಟದ ಮಟ್ಟ ನೀರಿನಲ್ಲಿ ನಿಂತು, ಹಾಡು ಹೇಳುತ್ತಾ, ಸಾಸಿವೆಯಂಥ ಕಣಗಳನ್ನು ಆರಿಸುತ್ತಿದ್ದರು. ನಾವೂ ಬಂಗಾರದ ಊರಿನವರೇ ಎಂದು ಮುನೆಂಕಟ ಎದೆ ತಟ್ಟಿಕೊಂಡ. ನಿಮ್ಮಲ್ಲಿ ಹೊಳೆ ಎಲ್ಲಿ ಎಂದು ಕೇಳಿದರು. ಹೊಳೆ ಇಲ್ಲ, ಮೈಲಿಗಟ್ಟಲೆ ಆಳಕ್ಕೆ ಇಳಿಯುತ್ತೇವೆ, ಕತ್ತಲಲ್ಲಿ ಬಂಡೆ ಕೊರೆಯುತ್ತೇವೆ, ಮೇಲೆ ತಂದು ಪುಡಿ ಮಾಡುತ್ತೇವೆ ಎಂದು ಅವನು ಅಭಿನಯಿಸಿ ತೋರಿಸಿದ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆಮೇಲೆ ನಿಜವೆಂದು ತಿಳಿದು ಗಂಭೀರರಾದರು. ಒಬ್ಬಾಕೆ ಮನೆಗೆ ಹೋಗಿ ನಮ್ಮಿಬ್ಬರಿಗೂ ಒಂದೊಂದು ಬೇಯಿಸಿದ ಮೊಟ್ಟೆ ತಂದುಕೊಟ್ಟಳು. ಪಾಪ ಎನಿಸಿರಬೇಕು.

ಮೊದಲ ಹಿಮ

ಒಂದು ಏರು ಹತ್ತಿ ತಿರುಗಿದಾಗ ಹಿಮದ ಸಾಲು ಕಂಡಿತು. ಅಷ್ಟು ದೊಡ್ಡದನ್ನು ಒಂದೇ ಸಲ ನೋಡಲು ನಾನು ಕತ್ತನ್ನು ಪೂರ್ತಿ ಹಿಂದಕ್ಕೆ ಹಾಕಿದೆ. ಮುನೆಂಕಟ ಹೊರೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಸಾರ್, ನಮ್ಮ ಸೈನೈಡ್ ದಿಬ್ಬ ಇದ್ದಂಗೇ ಐತಲ್ಲಾ!"

ಬಂಗಾರ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ನಮ್ಮೂರಲ್ಲಿ ಬೆಟ್ಟದಂತೆ ಸುರಿದಿದ್ದಾರೆ. ಹೌದು, ಅದೂ ಬಿಳಿಚಿಕೊಂಡೇ ಇರುತ್ತದೆ. ಹೀಗೆ ಹೇಳಿದ ಮೇಲೆ ನನಗೆ ಆ ಸಾಲನ್ನು ಬೇರೆ ಯಾವ ರೀತಿಯಲ್ಲೂ ನೋಡಲು ಆಗಲಿಲ್ಲ.

ಅಲ್ಲಿಂದ ಕೆಲಸ ಶುರುವಾಯಿತು. ಎತ್ತರದ ಜಾಗದಲ್ಲಿ ದುರ್ಬೀನು ನಿಲ್ಲಿಸಿ ಪ್ರತಿಯೊಂದು ಶಿಖರದ ಕೋನ ಅಳೆಯುವುದು. ದೂರದ ಇನ್ನೊಂದು ಜಾಗದಿಂದ ಅದೇ ಶಿಖರವನ್ನು ಮತ್ತೆ ಅಳೆಯುವುದು. ತೊಂದರೆ ಏನೆಂದರೆ, ಜಾಗ ಬದಲಾದರೆ ಬೆಟ್ಟ ಮುಖ ಬದಲಾಯಿಸುತ್ತದೆ. ಈ ಕಡೆಯಿಂದ ಎತ್ತಿನ ಕೋಡಿನಂತಿದ್ದದ್ದು ಆ ಕಡೆಯಿಂದ ಎತ್ತಿನ ಬೆನ್ನು. ಒಂದೇ ಬೆಟ್ಟವನ್ನು ನಾನು ಎರಡೆಂದು ದಾಖಲಿಸಿ, ಕಳೆದುಹೋದ ಎರಡನೆಯದನ್ನು ಒಂದು ಇಡೀ ದಿನ ಹುಡುಕಿದೆ. ಗುರುತಿಗಾಗಿ ನಾನೂ ಮುನೆಂಕಟನೂ ನಮ್ಮೊಳಗೇ ಅಡ್ಡಹೆಸರು ಇಟ್ಟುಕೊಂಡೆವು: ಮುರುಕು ಬಾಚಣಿಗೆ, ಸ್ಟೇಷನ್ ಮಾಸ್ತರ ಮೂಗು, ಹೆಡ್ ಕ್ಲಾರ್ಕು ಊಟವಾದ ಮೇಲೆ. ಇವು ನಕ್ಷೆಗೆ ಬರುವ ಹಾಗಿಲ್ಲವೆಂದು ಮುನೆಂಕಟನಿಗೆ ಗೊತ್ತಿತ್ತು. ಅವನ ಮನಸ್ಸೆಲ್ಲ ಒಂದೇ ಹೆಸರಿನ ಮೇಲೆ.

ಬೇರೆ ದುಃಖವೂ ಇತ್ತು. ಬಂಗಾರಪೇಟೆಯಿಂದ ಬೆಲ್ಲದ ಚೀಲದ ಜೊತೆ ಹೊತ್ತು ತಂದ ರಾಗಿಹಿಟ್ಟು ಆ ಎತ್ತರದಲ್ಲಿ ಬೇಯಲೊಲ್ಲದು. ನೀರು ಬಿಸಿಯಾಗುವ ಮೊದಲೇ ಕುದಿಯುತ್ತದೆ. ನಾನು ಇದರ ವಿಜ್ಞಾನ ವಿವರಿಸಿದೆ. "ಬಿಯಸ್ಸಿ ಸಾರ್, ಅದನ್ನೆಲ್ಲ ಮುದ್ದೆಗೆ ಏಳಿ, ಬೇಯ್ತದಾ ನೋಡೋವ" ಎಂದ ಮುನೆಂಕಟ.

ಬೆಲ್ಲದ ಊರುಗಳು

ಮೊದಲನೆಯ ಲಿಸು ಊರಿಗೆ ಮುನೆಂಕಟ ನಮಗಿಂತ ಮುಂಚೆ ಹೋದ. ಬಿಡಾರ ಹೂಡಿ ನೀರು ಕಾಯಿಸಿಡುವ ನೆಪ. ನಾವು ಸಂಜೆ ತಲುಪುವ ಹೊತ್ತಿಗೆ ಊರಿನವರೆಲ್ಲ ಬಾಯಿ ಚಪ್ಪರಿಸುತ್ತಾ ನಿಂತಿದ್ದರು. ಬೆಳಗ್ಗೆ ದೊರೆ ಆಪೂನ ಮೂಲಕ ಊರ ಹಿರಿಯನನ್ನು ಕೇಳಿದರು: ಆ ಬೆಟ್ಟಗಳಿಗೆ ಏನೆನ್ನುತ್ತೀರಿ?

ನಿಜ ಹೇಳಬೇಕೆಂದರೆ ಅಲ್ಲಿನವರು ಹಿಮದ ಶಿಖರಗಳಿಗೆ ಹೆಸರೇ ಇಡುವುದಿಲ್ಲ. ಹೊಳೆಗೆ ಹೆಸರಿದೆ, ಹುಲ್ಲುಗಾವಲಿಗಿದೆ, ಜೇನು ಸಿಗುವ ಬಂಡೆಗಿದೆ. ಯಾರೂ ಹೋಗದ, ಏನೂ ಬೆಳೆಯದ ಜಾಗಕ್ಕೆ ಹೆಸರೇಕೆ? ಆದರೆ ಆ ದಿನ ಹಿರಿಯ ಕೈ ಎತ್ತಿ ಎಡಗಡೆಯ ಶಿಖರ ತೋರಿಸಿ, ಸ್ಪಷ್ಟವಾಗಿ ಹೇಳಿದ: "ರತ್ನಮ್ಮ."

ನಮ್ಮ ಗಣಿಯಲ್ಲಿ ಕಲ್ಲು ನೋಡುತ್ತಲೇ ವರ್ಷ ಕಳೆದ ದೊರೆಗೆ ನಮ್ಮ ಹೆಂಗಸರ ಹೆಸರು ಗೊತ್ತಿರಲಿಲ್ಲ, ಸಂತೋಷದಿಂದ ಬರೆದುಕೊಂಡರು. ಗುಡಾರದ ಹಿಂದೆ ಮುನೆಂಕಟ ಒಂಟಿ ಕಾಲಿನಲ್ಲಿ ಕುಣಿಯುತ್ತಿದ್ದ.

"ಏನಯ್ಯಾ ಇದು?" ಎಂದು ನಾನು ಗದರಿಸಿದೆ.

"ನಾವಾಗಿ ಬಾಯಿಗೆ ಕೊಡ್ಬಾರ್ದು ಅಂದ್ರು ದೊರೆ. ನಾನು ಬಾಯಿಗೆ ಕೊಟ್ಟಿದ್ದು ಬೆಲ್ಲ. ಎಸ್ರು ಕಿವೀಗೆ ಏಳ್ದೆ."

ಆಪೂಗೆ ಎಲ್ಲಾ ಗೊತ್ತಿತ್ತು. ಕಾರಣ ಕೇಳಿದನಂತೆ, ಮುನೆಂಕಟ ಹೇಳಿದನಂತೆ. ಆಪೂಗೆ ಇಬ್ಬರು ಹೆಂಡತಿಯರು. ನಕ್ಕು ಸುಸ್ತಾಗಿ, "ನಿನಗೆ ಒಂದೇ ಬೆಟ್ಟ ಸಾಕು, ನೀನು ಪುಣ್ಯವಂತ" ಎಂದನಂತೆ.

ಒಂದು ಊರು ಸಾಲದು, ಮೂರು ಊರು ಒಂದೇ ಹೆಸರು ಹೇಳಿದರೆ ಮಾತ್ರ ನಕ್ಷೆಗೆ ಎಂದರು ದೊರೆ. ಎರಡನೆಯ ಊರು ಹೊಳೆಯ ಆಚೆ. ಹೊಳೆ ದಾಟಲು ಬಿದಿರಿನ ಹಗ್ಗ ಒಂದೇ ಒಂದು. ಅದಕ್ಕೆ ಸಿಕ್ಕಿಸಿದ ಮರದ ತುಂಡಿಗೆ ನಮ್ಮನ್ನು ಕಟ್ಟಿ ದೂಡುತ್ತಾರೆ. ಕೆಳಗೆ ನೀರು ಅಬ್ಬರಿಸುತ್ತಿರುತ್ತದೆ. ನಾನು ಮಧ್ಯದಲ್ಲಿ ನಿಂತುಬಿಟ್ಟೆ. ನನ್ನ ಹಿಂದೆ ಬಂದ ಹಂದಿಮರಿಯೊಂದು, ಅದನ್ನೂ ಹಾಗೇ ಕಟ್ಟಿದ್ದರು, ಬಂದು ಗುದ್ದಿದ ಮೇಲೆ ಆಚೆ ದಡ ಸೇರಿದೆ. ಹಂದಿ ನನಗಿಂತ ಕಡಿಮೆ ಕಿರುಚಿತೆಂದು ಆಪೂ ಎಲ್ಲರಿಗೂ ಹೇಳಿಕೊಂಡು ಬಂದ.

ಆ ಊರಿನಲ್ಲಿ ಬೆಳಗಾದಾಗ ಜನ ತೋರಿಸಿದ್ದು ಬಲಗಡೆಯ ಮೂರು ಹಲ್ಲಿನ ಶಿಖರ. "ರತ್ನಮ್ಮ!"

ದೊರೆಯ ಹುಬ್ಬು ಗಂಟಾಯಿತು. ನಾನು ಮುನೆಂಕಟನ ಕಡೆ ನೋಡಿದೆ. ಅವನ ಮುಖ ಹುಳ್ಳಗಾಗಿತ್ತು. ನಡೆದದ್ದು ಇಷ್ಟು: ಅವನು ಪಾಠ ಹೇಳುತ್ತಿದ್ದುದು ಸಂಜೆ. ಸಂಜೆ ಆ ಬೆಟ್ಟಗಳ ಮೇಲೆಲ್ಲ ಮೋಡ. ಅವನು ಬೆರಳು ತೋರಿಸಿ ಹೇಳಿದ್ದು ಮೋಡಕ್ಕೆ. ಬೆಳಗ್ಗೆ ಮೋಡ ಸರಿದಾಗ ಅದರ ಹಿಂದೆ ಯಾವುದು ನಿಂತಿತ್ತೋ ಅದೇ ರತ್ನಮ್ಮ.

ಮೂರನೆಯ ಊರಿಗೆ ನಮಗಿಂತ ಮೊದಲು ಬೆಲ್ಲದ ಸುದ್ದಿ ತಲುಪಿತ್ತು. ಮಕ್ಕಳು ದಾರಿಯಲ್ಲೇ ಮುತ್ತಿಕೊಂಡು ಬಿಳಿಯದೆಲ್ಲವನ್ನೂ ತೋರಿಸಿ "ರತ್ನಮ್ಮ, ರತ್ನಮ್ಮ" ಎಂದು ಕೂಗತೊಡಗಿದರು. ಎಡದ ಬೆಟ್ಟ, ಬಲದ ಬೆಟ್ಟ, ದೂರದ ಬೆಟ್ಟ. ಒಬ್ಬ ದೊರೆಯ ಗಡ್ಡ ತೋರಿಸಿದ. ಹಲ್ಲಿಲ್ಲದ ಮುದುಕಿಯೊಬ್ಬಳು ದೊರೆಯ ಮುಂದೆ ಬಂದು, ಎರಡೂ ಕೈ ಬೊಗಸೆ ಮಾಡಿ ಹಿಡಿದು, ಕಣ್ಣು ಮುಚ್ಚಿ "ರತ್ನಮ್ಮ" ಎಂದಳು. ಅವಳಿಗೆ ಬೇಕಾಗಿದ್ದು ಬೆಲ್ಲ.

ದೊರೆ ಟೋಪಿ ತೆಗೆದರು. ಅವರ ಕಣ್ಣಿನಲ್ಲಿ ನೀರಿತ್ತು. ಆ ಸಂಜೆ ನನಗೆ ಒಂದು ಉಪನ್ಯಾಸವೇ ಆಯಿತು. ಈ ಜನ ಬೇರೆ ಬೇರೆ ಶಿಖರಗಳನ್ನು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹಿಮದ ಬೆಟ್ಟಕ್ಕೆಲ್ಲ, ಬಿಳುಪಿಗೆಲ್ಲ, ಪೂಜ್ಯವಾದದ್ದಕ್ಕೆಲ್ಲ ಇವರಲ್ಲಿ ಇದೊಂದೇ ಪ್ರಾಚೀನ ಮಾತು. ಆದ್ದರಿಂದ ಯಾವ ಒಂದು ಶಿಖರಕ್ಕೂ ಇದನ್ನು ಹೆಸರಾಗಿ ಇಡುವಂತಿಲ್ಲ. ಎಲ್ಲಕ್ಕೂ ನಂಬರೇ.

ಮುನೆಂಕಟನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಖಾಲಿಯಾದ ಬೆಲ್ಲದ ಚೀಲವನ್ನು ಮಡಿಸುತ್ತಾ ಕೇಳಿಸಿಕೊಂಡ.

"ಅಂಗಾದ್ರೆ ಬಾಗ್ಲು ತೆಗ್ಯಾಕಿಲ್ಲ ಸಾರ್ ಅವಳು" ಎಂದ. ಅಷ್ಟೇ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಏಣು

ಉಳಿದದ್ದು ಒಂದೇ ಶಿಖರ. ಯಾವ ಊರಿನಿಂದಲೂ ಕಾಣದ್ದು, ಎರಡು ಸಾಲುಗಳ ಮಧ್ಯೆ ಅವಿತುಕೊಂಡದ್ದು. ಅದನ್ನು ಅಳೆಯಲು ಹಿಮದ ಏಣೊಂದರ, ಅಂದರೆ ಬೆಟ್ಟದ ಕಿರಿದಾದ ಬೆನ್ನಿನ, ಮೇಲೆ ಬಿಡಾರ ಹೂಡಿದೆವು. ಎದುರಿಗೇ ಅದರ ಗೋಡೆ, ತಲೆ ಎತ್ತಿದಷ್ಟೂ ಮೇಲಕ್ಕೆ. ಇದಕ್ಕೆ ಹೆಸರು ಕೇಳಲು ಊರೇ ಇಲ್ಲ. ಹಾಗಾಗಿ ದೊರೆಯನ್ನು ನೇರವಾಗಿ ಬೇಡಿಕೊಳ್ಳುವುದೆಂದು ಮುನೆಂಕಟ ನಿಶ್ಚಯಿಸಿದ.

ಬಿಸಿಲಿನ ಬೆಳಗು. ನಾನು ದುರ್ಬೀನಿನ ಮುಕ್ಕಾಲಿಯ ಹತ್ತಿರ. ಮುನೆಂಕಟ ಕೆಟಲ್ಲಿನಿಂದ ದೊರೆಗೆ ಚಹಾ ಬಗ್ಗಿಸಿಕೊಟ್ಟು, ನಿಂತೇ ಹೇಳಿದ. ಸ್ಟೇಷನ್ನಿನ ಜಗಳ, ಕಡಲೆಕಾಯಿ ತಾತ, ಬೆಲ್ಲ, ಮೋಡ, ಒಂದನ್ನೂ ಮುಚ್ಚಿಡಲಿಲ್ಲ. ನಾನು ಇಂಗ್ಲಿಷಿಗೆ ತಿರುಗಿಸಿದೆ. ತಮ್ಮ ಪ್ರಾಚೀನ ಮಾತು ರಾಬರ್ಟ್‌ಸನ್‌ಪೇಟೆಯದೆಂದು ತಿಳಿದಾಗ ದೊರೆಯ ಮುಖ ಬಿಳುಚಿ, ಕೆಂಪಾಗಿ, ಆಮೇಲೆ ಯಾವ ಬಣ್ಣಕ್ಕೆ ಹೋಗುವುದೆಂದು ತಿಳಿಯದೆ ನಿಂತಿತು.

"ಸಾರ್, ಇದೊಂದಕ್ಕೆ ಮಾತ್ರ. ದಮ್ಮಯ್ಯ. ಅವಳು ಬಾಗ್ಲು ತೆಗೀಬೇಕು, ಅಷ್ಟೇಯ."

ದೊರೆ ಉತ್ತರ ಹೇಳಲು ಬಾಯಿ ತೆರೆದರು.

ಆಗ ಕಾಲಡಿ ಧಡ್ ಎಂದಿತು.

ನಾನು ಇದನ್ನು ಎಷ್ಟು ಸಲ ತಿರುಗಿಸಿ ನೋಡಿಕೊಂಡಿದ್ದೇನೋ ಲೆಕ್ಕವಿಲ್ಲ. ಧಡ್ ಎಂದಿತು, ಚಹಾದ ಲೋಟಗಳು ತಟ್ಟೆಯ ಮೇಲೆ ಗಲಗಲ ಎಂದವು. ಆಪೂ ಏನೋ ಕೂಗಿದ. ಹೊರೆಯಾಳುಗಳು ಓಡಿದರು, ಆಪೂ ದೊರೆಯ ಕೋಟು ಹಿಡಿದು ಬಂಡೆಯ ಮರೆಗೆ ಎಳೆದುಕೊಂಡು ಓಡಿದ. ನಾನು, ಬಿ.ಎಸ್ಸಿ., ಹಿಮಕುಸಿತದ ಬಗ್ಗೆ ಪುಸ್ತಕದಲ್ಲಿ ಓದಿದ್ದವನು, ಏನು ಮಾಡಿದೆ? ನನ್ನ ಬಾಯಿಂದಲೂ ಮುನೆಂಕಟನ ಬಾಯಿಂದಲೂ ಒಟ್ಟಿಗೇ ಬಂದದ್ದು ಒಂದೇ ಕೂಗು:

"ಪಾತ್ರೆ ಇಡ್ಕೋ!"

ನಾನು ಮುಕ್ಕಾಲಿಯನ್ನು ತಬ್ಬಿಕೊಂಡೆ. ಅವನು ಕೆಟಲ್ಲಿನ ಮುಚ್ಚಳದ ಮೇಲೆ ಅಂಗೈ ಒತ್ತಿ ಕುಕ್ಕುರುಗಾಲಿನಲ್ಲಿ ಕೂತ. ಇಬ್ಬರೂ ಸದ್ದು ನಿಲ್ಲಲಿ ಎಂದು ಕಾಯುತ್ತಿದ್ದೆವು. ನಮ್ಮ ಮುಖದಲ್ಲಿ ಗಾಬರಿ ಇರಲಿಲ್ಲವಂತೆ, ಬೇಸರವಿತ್ತಂತೆ. ಬಂಡೆಯ ಮರೆಯಿಂದ ನೋಡಿದ ದೊರೆ ಆಮೇಲೆ ಹೇಳಿದರು. ಸದ್ದು ಕೆಳಗಿಂದ ಬರುತ್ತದೆ, ನಾವು ಮೇಲಿದ್ದೇವೆ, ಮೇಲಿದ್ದವರಿಗೆ ಏನೂ ಆಗುವುದಿಲ್ಲ: ಹುಟ್ಟಿದಾಗಿನಿಂದ ಮೈ ಕಲಿತಿರುವುದು ಇದನ್ನೇ. ನಾವು ಬದುಕಿನಲ್ಲಿ ಮೊದಲ ಸಲ ಕೆಳಗಿದ್ದೆವು.

ನಾನು ತಲೆ ಎತ್ತಿದೆ. ಗೋಡೆ ಇರಲಿಲ್ಲ. ಗೋಡೆಯ ಜಾಗದಲ್ಲಿ ಬಿಳಿ ಹೊಗೆ ನಮ್ಮ ಕಡೆ ನಡೆದು ಬರುತ್ತಿತ್ತು. ಮೊದಲು ಗಾಳಿ ಹೊಡೆಯಿತು. ಆಮೇಲೆ ಎಲ್ಲಾ ಬಿಳುಪು, ಬಾಯಿ ಮೂಗಿನ ತುಂಬ ಹಿಟ್ಟು ತುರುಕಿದ ಹಾಗೆ.

ಅದರ ಹೆಚ್ಚಿನ ಪಾಲು ಏಣಿನ ಆಚೆಯ ಕಣಿವೆಗೆ ಬಿತ್ತು. ನಮಗೆ ಸಿಕ್ಕಿದ್ದು ಅದರ ಸೆರಗು. ಕಣ್ಣು ಬಿಟ್ಟಾಗ ನಾನು ಸೊಂಟದವರೆಗೆ ಹೂತಿದ್ದೆ, ಮುಕ್ಕಾಲಿ ತೋಳಿನಲ್ಲಿತ್ತು. ಮುನೆಂಕಟ ಇದ್ದ ಕಡೆ ನುಣ್ಣಗೆ ಹಿಮ. ಕೂಗಿದೆ. ಉತ್ತರವಿಲ್ಲ. ಆ ನುಣುಪಿನ ಮೇಲೆ ಒಂದೇ ಒಂದು ವಸ್ತು ಕಾಣುತ್ತಿತ್ತು: ಕೆಟಲ್ಲಿನ ಮೂತಿ.

ನಾನು ಊಟದ ತಟ್ಟೆಯಲ್ಲಿ ತೋಡಿದೆ. ಆಪೂ ಬಂದು ಕೈಯಲ್ಲಿ ತೋಡಿದ. ದೊರೆ ಟೋಪಿಯಲ್ಲಿ ತೋಡಿದರು. ಎಷ್ಟು ಹೊತ್ತೋ ತಿಳಿಯದು. ನಾನು ಜೋರಾಗಿ ಅಳುತ್ತಿದ್ದೆ. ರತ್ನಮ್ಮನ ಬಾಗಿಲ ಮುಂದೆ ಒಬ್ಬನೇ ಹೋಗಿ ನಿಲ್ಲುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಕೆಟಲ್ಲು ಬಂತು, ಅದರ ಮೇಲೆ ಅಂಗೈ ಬಂತು, ತೋಳು ಬಂತು, ತಲೆ ಬಂತು. ಮುಖ ನೀಲಿಯಾಗಿತ್ತು. ಆಪೂ ಅವನ ಬಾಯಲ್ಲಿದ್ದ ಹಿಮವನ್ನು ಬೆರಳಿನಿಂದ ತೆಗೆದು ಬೆನ್ನಿಗೆ ಗುದ್ದಿದ. ಗುದ್ದಿದ. ಮತ್ತೆ ಗುದ್ದಿದ.

ಮುನೆಂಕಟ ಕೆಮ್ಮಿ, ಕಣ್ಣು ಬಿಟ್ಟು, ನನ್ನನ್ನು ನೋಡಿದ.

"ಚೆಲ್ಲಿಲ್ಲ ಸಾರ್" ಎಂದ.

ಅವನ ಎಡಕಿವಿ ಮಾತ್ರ ಹಿಮಕ್ಕೆ ಮರಗಟ್ಟಿ ಬೆಳ್ಳಗಾಗಿತ್ತು, ಕೆಲವು ದಿನದಲ್ಲಿ ಕಪ್ಪಾಯಿತು. ದೊರೆ ತಮ್ಮ ಕೋಟನ್ನು ಅವನಿಗೆ ಹೊದಿಸಿ, ಅವನ ಮುಂದೆ ಮಂಡಿಯೂರಿ ಕೂತರು. ಗಡ್ಡದ ತುಂಬ ಹಿಮ. ತಮ್ಮ ನಿಯಮ ಈ ಒಂದು ಸಲ ಹಾಳಾಗಿಹೋಗಲಿ, ಈ ಶಿಖರಕ್ಕೆ ಅವನ ಹೆಂಡತಿಯ ಹೆಸರೇ ಎಂದರು. ನಾನು ಖುಷಿಯಿಂದ ಕನ್ನಡದಲ್ಲಿ ಹೇಳಿದೆ.

ಮುನೆಂಕಟ ಆ ಬೆಟ್ಟವನ್ನು ತುಂಬ ಹೊತ್ತು ನೋಡಿದ. ಗೋಡೆ ಬೋಳಾಗಿ, ಕರೀ ಬಂಡೆ ಎದ್ದು ಕಾಣುತ್ತಿತ್ತು.

"ಬ್ಯಾಡ ಸಾರ್" ಎಂದ.

"ಏನಯ್ಯಾ, ಹುಚ್ಚಾ ನಿನಗೆ? ಬಾಗಿಲು ಬೇಡವೇ?"

"ಬಾಗ್ಲು ಬೇಕು. ಆದ್ರೆ ಇದು ಜೀವ ತೆಗ್ಯಾಕೆ ಬಂದಿದ್ ಬೆಟ್ಟ. ನಾಳೆ ಇನ್ಯಾರ ಮೇಲಾದ್ರೂ ಬಿದ್ರೆ, ರತ್ನಮ್ಮ ಕೊಂದ್ಲು ಅಂತಾರೆ. ಇದಕ್ಕೆ ಅವಳ ಎಸ್ರು ಬ್ಯಾಡ. ನಂಬ್ರೇ ಆಕ್ಕೊಳ್ಳಿ."

ರಾಬರ್ಟ್‌ಸನ್‌ಪೇಟೆ

ಬಂಗಾರಪೇಟೆಯಲ್ಲಿ ಇಳಿದು ನೇರವಾಗಿ ರಾಬರ್ಟ್‌ಸನ್‌ಪೇಟೆಗೆ ಹೋದೆವು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅತ್ತೆಯ ಮನೆ. ಬಾಗಿಲು ಹಾಕಿತ್ತು. ನಾವು ಬರುವುದನ್ನು ಯಾರೋ ಮೊದಲೇ ಹೇಳಿರಬೇಕು. ಮುನೆಂಕಟ ಮೆಟ್ಟಿಲ ಮೇಲೆ ಕಾಲಿಡುತ್ತಲೇ ಒಳಗಿನಿಂದ ದನಿ ಬಂತು.

"ಬೆಟ್ಟ ತಂದ್ಯಾ?"

ಮುನೆಂಕಟ ನನ್ನ ಕಡೆ ನೋಡಿದ. "ನೀವೇ ಏಳಿ ಸಾರ್. ಓದಿರೋರು."

ನಾನು ಮುಚ್ಚಿದ ಬಾಗಿಲಿಗೆ ಬರ್ಮಾ ಪ್ರವಾಸವನ್ನು ವಿವರಿಸಿದೆ. ಪಕ್ಕದ ಮನೆಯವರು ಮೊರ ಹಿಡಿದುಕೊಂಡೇ ಹೊರಗೆ ಬಂದರು. ಬೆಲ್ಲ, ಮೋಡ, ಮೂರು ಊರು, ದೊರೆಯ ಸಿದ್ಧಾಂತ ಎಲ್ಲ ಹೇಳಿದೆ.

"ಅಂದ್ರೆ ಕಂಡ್ ಕಂಡಿದ್ದಕ್ಕೆಲ್ಲಾ ನನ್ನ ಎಸ್ರು. ಗಡ್ಡಕ್ಕೂ."

"ಹೌದಮ್ಮಾ."

"ನಂದೇ ಅಂತ ಒಂದು ಕೇಳಿದ್ದೆ. ಅದು ತಂದವ್ನಾ?"

ನಾನು ಏಣಿನ ಕಥೆಗೆ ಬಂದೆ. ಹಗುರವಾಗಿ ಹೇಳಬೇಕೆಂದುಕೊಂಡಿದ್ದೆ. ಕೆಟಲ್ಲಿನ ಮೂತಿಯ ಹತ್ತಿರ ತಡವರಿಸಿ, ದೊರೆ ಹೆಸರು ಕೊಡಲು ಬಂದದ್ದು, ಇವನು ಬೇಡವೆಂದದ್ದು ಎಲ್ಲ ಹೇಳಿ ಮುಗಿಸಿದೆ.  ಆಮೇಲೆ ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆದು, ಒಂದು ಕಣ್ಣು ಕಾಣಿಸಿತು.

"ದೊರೆ ಕೊಡ್ತೀನಿ ಅಂದ್ರೆ ನೀನು ಬ್ಯಾಡ ಅಂದ್ಯಾ?"

"ಅದು ನನ್ನ ಮೇಲೇ ಬಿತ್ತಲ್ಲ ಕಣೇ. ಅಂತಾದ್ಕೆ ನಿನ್ನ ಎಸ್ರು ಎಂಗಿಡ್ಲಿ?"

"ಸಾಯುಸ್ತಾ?"

"ಇಲ್ಲ."

"ಮೇಲೆ ಬಿದ್ದು, ಅದುಮಿ, ಉಸ್ರು ಕಟ್ಟಿಸಿ, ಬುದ್ಧಿ ಬಂದ ಮೇಲೆ ಬುಟ್ಬುಡ್ತು?"

"ಊ."

"ಅದು ಯಾರಿದ್ದಂಗೈತೆ ಏಳು!" ಬಾಗಿಲು ಪೂರ್ತಿ ತೆರೆಯಿತು, ಬಯ್ಯಲು ಅವಳಿಗೆ ಎರಡೂ ಕೈ ಬೇಕಾಗಿದ್ದವು. "ಇಡೀ ಸೀಮೇಲಿ ನನ್ನಂಗಿರೋ ಬೆಟ್ಟ ಅದೊಂದೇ ಇದ್ದಿದ್ದು! ಬ್ಯಾಡದ್ದಕ್ಕೆಲ್ಲಾ ಬೆಲ್ಲ ಆಕಿ ಎಸ್ರಿಟ್ಟೋನು, ಅದನ್ನೊಂದನ್ನ ಬುಟ್ಟು ಬಂದ್ಯಾ? ದಡ್ಡ ಮುಂಡೇದೇ!"

ಪಕ್ಕದ ಮನೆಯವರು ಹೌದು ಹೌದೆಂದು ತಲೆಯಾಡಿಸಿದರು. ಮುನೆಂಕಟ ತಲೆ ತಗ್ಗಿಸಿದ. ತಗ್ಗಿಸಿದಾಗ ಅವಳಿಗೆ ಕಿವಿ ಕಾಣಿಸಿತು. ಬೈಗುಳ ಅರ್ಧಕ್ಕೇ ನಿಂತಿತು. ಮೆಟ್ಟಿಲು ಇಳಿದು ಬಂದು ಆ ಕಪ್ಪು ಕಿವಿಯನ್ನು ಒಂದು ಬೆರಳಿನಿಂದ ಮುಟ್ಟಿದಳು.

"ನೋಯ್ತದಾ?"

"ಇಲ್ಲ. ಅದು ಇರೋದೇ ಗೊತ್ತಾಗಾಕಿಲ್ಲ."

ಅವಳು ಬಲಗಡೆಯ ಕಿವಿ ಹಿಡಿದು ಹಿಂಡಿದಳು. "ಇದು ಗೊತ್ತಾಯ್ತದಾ?"

"ಅಯ್ಯಯ್ಯೋ, ಗೊತ್ತಾಯ್ತದೆ ಕಣೇ!"

ಅದೇ ಕಿವಿ ಹಿಡಿದುಕೊಂಡು ಅವನನ್ನು ಒಳಕ್ಕೆ ಎಳೆದುಕೊಂಡು ಹೋದಳು.